5/2 ಕ್ವಾಂಟಂ ಹಾಲ್ ಸ್ಥಿತಿ ಯಾವುದೆಂದು ನಾಯ್ಸ್ ಅಳೆದು ಹೇಳಬಹುದೇ?

ಮಂದಾರ:

ಎಲ್ಲರಿಗೂ ನಮಸ್ಕಾರ. ಕ್ವಾಂಟಂ ಹಾಲ್ ಪರಿಣಾಮದ (ತೀರಾ ತಣ್ಣನೆಯ ತೆಳು ಎಲೆಕ್ಟ್ರಾನ್ ಪದರದಲ್ಲಿ, ಬಲವಾದ ಕಾಂತಕ್ಷೇತ್ರದಡಿ, ಪ್ರವಾಹಕ್ಕೆ ಅಡ್ಡಲಾಗಿ ಅಳೆದ ಹಾಲ್ ರೋಧ ಮೆಟ್ಟಿಲುಮೆಟ್ಟಿಲಾಗಿ ಬದಲಾಗುವುದು) ಮೂಲಪಾಠಗಳನ್ನು ಓದಿಕೊಂಡಿದ್ದೇನೆ. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡ ಪೂರ್ಣಾಂಕದ ಮೆಟ್ಟಿಲುಗಳು, 1982ರಲ್ಲಿ ತ್ಸುಯಿ, ಸ್ಟೋರ್ಮರ್ ಮತ್ತು ಗೊಸಾರ್ಡ್ ಕಂಡ 1/3ರ ಮೆಟ್ಟಿಲು (ಈ ಸಂಖ್ಯೆಯೇ ಫಿಲ್ಲಿಂಗ್ ಫ್ಯಾಕ್ಟರ್, ಅಂದರೆ ಕಾಂತಕ್ಷೇತ್ರಕ್ಕೆ ಹೋಲಿಸಿದರೆ ಎಲೆಕ್ಟ್ರಾನುಗಳು ಎಷ್ಟಿವೆ ಎಂಬ ಅನುಪಾತ), ಮರುವರ್ಷವೇ ಅದನ್ನು ವಿವರಿಸಿದ ಲಾಫ್ಲಿನ್ ಅವರ ತರಂಗಫಲನ, ಇಷ್ಟರವರೆಗೆ ತೊಡಕಿಲ್ಲ. ನನ್ನ ಪ್ರಶ್ನೆ 1987ರಲ್ಲಿ ಪತ್ತೆಯಾದ 5/2ರ ಸ್ಥಿತಿಯ ಬಗ್ಗೆ. ಇದಕ್ಕೆ ಮುಖ್ಯವಾಗಿ ಮೂರು ವಿವರಣೆಗಳು ಸ್ಪರ್ಧೆಯಲ್ಲಿವೆ: ಫಾಫಿಯನ್, ಆಂಟಿ-ಫಾಫಿಯನ್ ಮತ್ತು ಪಿಎಚ್-ಫಾಫಿಯನ್ (ಎಲೆಕ್ಟ್ರಾನುಗಳು ಒಳಗೆ ಜೋಡಿಗೂಡುವ ಮೂರು ಬಗೆಗಳು; ಪಿಎಚ್ ಎಂದರೆ ಕಣ-ರಂಧ್ರ, ರಂಧ್ರ ಎಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ). ಮೂರರಲ್ಲೂ ಹಾಲ್ ರೋಧ ಒಂದೇ. ಮೂರರಲ್ಲೂ ಕ್ವಾಸಿಕಣದ (ಅನೇಕ ಎಲೆಕ್ಟ್ರಾನುಗಳು ಒಟ್ಟಾಗಿ ಒಂದು ಕಣದಂತೆ ವರ್ತಿಸುವಾಗ ಕಾಣುವ ಕಣದ) ವಿದ್ಯುದಾವೇಶ ಎಲೆಕ್ಟ್ರಾನಿನ ಆವೇಶದ ಕಾಲು ಭಾಗ. ಹೀಗಿರುವಾಗ ರೋಧವನ್ನು ಎಷ್ಟೇ ನಿಖರವಾಗಿ ಅಳೆದರೂ ಒಳಗಿರುವುದು ಯಾವ ಸ್ಥಿತಿ ಎಂದು ತಿಳಿಯುವುದಿಲ್ಲ.

ವಿದ್ಯುತ್ ಪ್ರವಾಹದ ನಾಯ್ಸ್ (ಸರಾಸರಿಯ ಸುತ್ತಲಿನ ಏರಿಳಿತ) ಅಳೆದು ಇದನ್ನು ಬಿಡಿಸಬಹುದು ಎಂದು ಅನೇಕ ಕಡೆ ಓದಿದೆ. ಆದರೆ ಒಂದು ಲೇಖನ ಶಾಟ್ ನಾಯ್ಸ್ ಎನ್ನುತ್ತದೆ, ಇನ್ನೊಂದು ನಾಯ್ಸನ್ನೇ ಉಷ್ಣಮಾಪಕವಾಗಿ ಬಳಸುತ್ತದೆ, ಮತ್ತೊಂದು ಪ್ರವಾಹಕ್ಕೆ ಎದುರು ದಿಕ್ಕಿನಲ್ಲಿ ಕಾಣುವ ನಾಯ್ಸಿನ ಮಾತಾಡುತ್ತದೆ. ಇವು ಮೂರೂ ಒಂದೇ ಸಾಕ್ಷ್ಯವೇ, ಬೇರೆ ಬೇರೆಯೇ? ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಶೀತಕೋಶ:

ಮಂದಾರ ಅವರೇ, ಮೂರೂ ಬೇರೆ ಬೇರೆ ಸಾಕ್ಷ್ಯಗಳು. ಉಪಕರಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಗೊಂದಲವಾಗುತ್ತದೆ. ನಾನು ಅಳೆಯುವ ಕಡೆಯವನು, ಹಾಗಾಗಿ ಶಾಟ್ ನಾಯ್ಸಿನಿಂದ ಶುರು ಮಾಡುತ್ತೇನೆ.

ಪ್ರವಾಹ ಬಿಡಿಬಿಡಿ ಕಣಗಳಿಂದ ಆಗಿರುವುದರಿಂದಲೇ ಅದರಲ್ಲಿ ಏರಿಳಿತ ಇರುತ್ತದೆ ಎಂಬುದನ್ನು ವಾಲ್ಟರ್ ಶಾಟ್ಕಿ 1918ರಲ್ಲಿ ತೋರಿಸಿದರು. ಕಣಗಳು ಒಂದರ ಹಂಗು ಇನ್ನೊಂದಕ್ಕೆ ಇಲ್ಲದೆ ದಾಟುತ್ತಿದ್ದರೆ, ಏರಿಳಿತದ ತೀವ್ರತೆ ಸರಾಸರಿ ಪ್ರವಾಹವನ್ನು ಕಣವೊಂದರ ಆವೇಶದಿಂದ ಗುಣಿಸಿ ಎರಡು ಪಟ್ಟು ಮಾಡಿದಷ್ಟಿರುತ್ತದೆ. ಎಂದರೆ ಪ್ರವಾಹವನ್ನೂ ಏರಿಳಿತವನ್ನೂ ಪ್ರತ್ಯೇಕವಾಗಿ ಅಳೆದರೆ ಅವುಗಳ ಅನುಪಾತವೇ ಕಣದ ಆವೇಶವನ್ನು ಹೇಳುತ್ತದೆ. ಕ್ವಾಂಟಂ ಹಾಲ್ ಸ್ಥಿತಿಯಲ್ಲಿ ಪ್ರವಾಹ ಅಂಚಿನಲ್ಲಿ ಮಾತ್ರ ಒಂದೇ ದಿಕ್ಕಿಗೆ ಹರಿಯುತ್ತದೆ. ಎದುರುಬದುರಿನ ಎರಡು ಅಂಚುಗಳನ್ನು ಗೇಟ್ ವೋಲ್ಟೇಜಿನಿಂದ (ಪಕ್ಕದ ಎಲೆಕ್ಟ್ರೋಡಿಗೆ ಕೊಟ್ಟ ವೋಲ್ಟೇಜಿನಿಂದ) ಕಿರಿದಾದ ಒಂದು ಜಾಗದಲ್ಲಿ ಹತ್ತಿರ ತಂದರೆ, ಕ್ವಾಸಿಕಣಗಳು ಆಗೊಮ್ಮೆ ಈಗೊಮ್ಮೆ ಅಂಚಿನಿಂದ ಅಂಚಿಗೆ ಹಾರುತ್ತವೆ. ಆ ವಿರಳ ಹಾರಾಟದ ಶಾಟ್ ನಾಯ್ಸನ್ನು ಅಳೆದು ಭಿನ್ನಾಂಶದ ಆವೇಶವನ್ನು ಕಾಣಬಹುದೆಂದು ಕೇನ್ ಮತ್ತು ಫಿಶರ್ 1994ರಲ್ಲಿ ಸೂಚಿಸಿದರು. 1997ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮತ್ತು ಫ್ರಾನ್ಸಿನ ಸಾಕ್ಲೇಯ ಎರಡು ಗುಂಪುಗಳು ಸ್ವತಂತ್ರವಾಗಿ 1/3ರ ಸ್ಥಿತಿಯಲ್ಲಿ ಎಲೆಕ್ಟ್ರಾನಿನ ಮೂರನೇ ಒಂದು ಭಾಗದ ಆವೇಶವನ್ನು ಅಳೆದವು. 5/2ರಲ್ಲಿ ಕಾಲು ಭಾಗದ ಆವೇಶ ಸಿಕ್ಕಿದ್ದು 2008ರಲ್ಲಿ.

ಬರೆದಷ್ಟು ಸುಲಭವಾಗಿ ಈ ಅಳತೆ ಆಗುವುದಿಲ್ಲ ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 1/3ರ ಸ್ಥಿತಿಯಲ್ಲಿ ಹಾಲ್ ರೋಧ ಸುಮಾರು 77.4 ಕಿಲೋಓಮ್. ಹಾರುವ ಪ್ರವಾಹ 100 ಪಿಕೋಆಂಪಿಯರ್ ಇದ್ದರೆ, ಅದರ ಶಾಟ್ ನಾಯ್ಸ್ ಈ ರೋಧದ ಮೇಲೆ ಹರ್ಟ್ಸ್‌ನ ವರ್ಗಮೂಲಕ್ಕೆ ಕಾಲು ನ್ಯಾನೋವೋಲ್ಟಿನಷ್ಟು ವೋಲ್ಟೇಜ್ ಏರಿಳಿತವಾಗಿ ಕಾಣಿಸುತ್ತದೆ. ಇದು 20 ಮಿಲಿಕೆಲ್ವಿನ್ ತಾಪದಲ್ಲಿ ಅದೇ ಮಾದರಿ (ಅಳೆಯುತ್ತಿರುವ ತುಣುಕು) ತನ್ನ ತಾಪದಿಂದಲೇ ತಾನಾಗಿ ಹೊರಡಿಸುವ ಥರ್ಮಲ್ ನಾಯ್ಸಿಗಿಂತಲೂ ಕಡಿಮೆ. ಸಾಲದ್ದಕ್ಕೆ, ಮಾದರಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್ಲಿನ ಧಾರಕತೆ 100 ಪಿಕೋಫ್ಯಾರಡ್ ಇದ್ದರೂ ಸಾಕು, ಅದು ಇಷ್ಟು ದೊಡ್ಡ ರೋಧದ ಜೊತೆ ಸೇರಿ 20 ಕಿಲೋಹರ್ಟ್ಸ್‌ನಿಂದ ಮೇಲಿನ ಸಂಕೇತವನ್ನೆಲ್ಲ ನುಂಗಿಬಿಡುತ್ತದೆ. ಕೆಳಗಿನ ಆವರ್ತನಗಳಲ್ಲಿ ಅಳೆಯೋಣವೆಂದರೆ ಅಲ್ಲಿ ಆವರ್ತನ ಇಳಿದಷ್ಟೂ ಏರುವ ಇನ್ನೊಂದು ಬಗೆಯ ನಾಯ್ಸ್ ತುಂಬಿರುತ್ತದೆ. ಅದಕ್ಕಾಗಿಯೇ ಕೇಬಲ್ಲಿನ ಧಾರಕತೆಗೆ ಒಂದು ಇಂಡಕ್ಟರ್ ಜೋಡಿಸಿ, ಒಂದು ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುವಂತೆ ಮಾಡಿ, ದ್ರವ ಹೀಲಿಯಂ ತಾಪದಲ್ಲಿ ಕೂತ ಆಂಪ್ಲಿಫೈಯರ್ ಮೂಲಕ ಆ ಕಿರಿದಾದ ಪಟ್ಟಿಯನ್ನು ಮಾತ್ರ ಓದುತ್ತೇವೆ. ಪಟ್ಟಿಯ ಅಗಲ 10 ಕಿಲೋಹರ್ಟ್ಸ್ ಇದ್ದು ಹತ್ತು ಸೆಕೆಂಡು ಸರಾಸರಿ ತೆಗೆದರೆ ಒಟ್ಟು ನಾಯ್ಸಿನ ಅನಿಶ್ಚಿತತೆ ಶೇ. 0.3ರ ಸುತ್ತ ಇರುತ್ತದೆ. ಆ ಒಟ್ಟಿನಲ್ಲಿ ಆಂಪ್ಲಿಫೈಯರ್‌ನ ಪಾಲೂ ಮಾದರಿಯ ಥರ್ಮಲ್ ಪಾಲೂ ಇರುವುದರಿಂದ, ಪ್ರವಾಹ ಹರಿಸಿದಾಗ ಎಷ್ಟು ಹೆಚ್ಚಾಯಿತು ಎಂಬ ವ್ಯತ್ಯಾಸವಷ್ಟೇ ನಮ್ಮ ಸಾಕ್ಷ್ಯ.

ಇನ್ನೊಂದು ವಿಷಯ. ವೋಲ್ಟೇಜ್ ಸಣ್ಣದಿರುವಾಗ ಶಾಟ್ ನಾಯ್ಸ್ ಥರ್ಮಲ್ ನಾಯ್ಸಿನಲ್ಲಿ ಮುಳುಗಿರುತ್ತದೆ. ಕಣದ ಆವೇಶಕ್ಕೆ ವೋಲ್ಟೇಜ್ ಕೊಡುವ ಶಕ್ತಿ ತಾಪದ ಶಕ್ತಿಯ ಎರಡು ಪಟ್ಟು ದಾಟಿದ ಮೇಲೆ, ವೋಲ್ಟೇಜಿನ ಎದುರು ನಾಯ್ಸನ್ನು ಗುರುತಿಸಿದ ರೇಖೆ ನೇರವಾಗಿ ಮೇಲೇರುತ್ತದೆ. ಮೂರನೇ ಒಂದು ಭಾಗದ ಆವೇಶಕ್ಕೆ 20 ಮಿಲಿಕೆಲ್ವಿನ್‌ನಲ್ಲಿ ಈ ತಿರುವು 10 ಮೈಕ್ರೋವೋಲ್ಟ್ ಹತ್ತಿರ ಬರಬೇಕು. ಇಳಿಜಾರೂ ತಿರುವೂ ಒಂದೇ ಆವೇಶವನ್ನು ಹೇಳಿದರೆ ಮಾತ್ರ ನಾನು ಫಲಿತಾಂಶವನ್ನು ನಂಬುತ್ತೇನೆ.

ಸಂದೇಹಿ:

ಶೀತಕೋಶ ಅವರ ವಿವರಣೆಗೆ ಕೃತಜ್ಞತೆಗಳು. ಆದರೂ ಇಳಿಜಾರನ್ನು ನೇರವಾಗಿ ಆವೇಶವೆಂದು ಓದುವುದಕ್ಕೆ ನನ್ನ ಆಕ್ಷೇಪವಿದೆ. 2/5ರ ಸ್ಥಿತಿಯಲ್ಲಿ ಐದನೇ ಒಂದು ಭಾಗದ ಆವೇಶವನ್ನು 1999ರಲ್ಲಿ ಅಳೆದರು. ಅದೇ ಸ್ಥಿತಿಯನ್ನು 10 ಮಿಲಿಕೆಲ್ವಿನ್ ಆಸುಪಾಸಿಗೆ ತಣಿಸಿದಾಗ ನಾಯ್ಸ್ ಐದನೇ ಎರಡು ಭಾಗದ ಆವೇಶವನ್ನು ತೋರಿಸಿತೆಂದು 2003ರಲ್ಲಿ ವರದಿಯಾಯಿತು. ಕ್ವಾಸಿಕಣಗಳು ಗುಂಪಾಗಿ ಹಾರುತ್ತಿವೆ ಎಂದು ಆಗ ವ್ಯಾಖ್ಯಾನಿಸಿದರು. 2/3ರಲ್ಲೂ ತಾಪ ಬದಲಾದಂತೆ ಅಳೆದ ಆವೇಶ ಬದಲಾಯಿತು. ಮೂಲ ಕಣದ ಆವೇಶ ತಾಪದೊಂದಿಗೆ ಬದಲಾಗುವಂಥದ್ದಲ್ಲ. ಆದ್ದರಿಂದ ಬದಲಾಗುತ್ತಿರುವುದು ಹಾರಾಟದ ಬಗೆ. ಶಾಟ್ ನಾಯ್ಸ್ ಯಾವಾಗಲೂ ಕ್ವಾಸಿಕಣದ ಆವೇಶವನ್ನು ಕೊಡುವುದಿಲ್ಲ ಎಂದು, ಮೊದಲ ಅಳತೆ ಮಾಡಿದ ವೈಜ್‌ಮನ್ ಸಂಸ್ಥೆಯ ಗುಂಪೇ 2022ರಲ್ಲಿ ಪ್ರಕಟಿಸಿತು. ಕೆಲವು ಸ್ಥಿತಿಗಳಲ್ಲಿ ನಾಯ್ಸ್‌ನ ಅನುಪಾತ ಫಿಲ್ಲಿಂಗ್ ಫ್ಯಾಕ್ಟರಿಗೇ ಸಮವಾಗಿ ನಿಂತಿತ್ತು.

ನಾಯ್ಸ್ ಎಂಬುದು ಹಾರುವ ಕಣ, ಹಾರುವ ಜಾಗ, ಅಂಚಿನ ರಚನೆ, ತಾಪ ಇವೆಲ್ಲವೂ ಸೇರಿ ಬರೆಯುವ ಒಂದು ಸಂಖ್ಯೆ. ಅದರಿಂದ ಒಂದನ್ನೇ ಬೇರ್ಪಡಿಸುವುದು ಹೇಗೆ?

ಗಣಿತಪ್ರಿಯೆ:

ಸಂದೇಹಿ ಅವರ ಆಕ್ಷೇಪ ಸರಿಯಾದದ್ದು, ಆದರೆ ಆವೇಶದ ಮಟ್ಟಿಗೆ ಅದಕ್ಕೊಂದು ಉತ್ತರವಿದೆ. ಸ್ಥಿರ ವೋಲ್ಟೇಜಿನ ಜೊತೆಗೆ ಮೈಕ್ರೋವೇವ್ ಸಂಕೇತವನ್ನೂ ಕೊಟ್ಟರೆ, ಸ್ಥಿರ ವೋಲ್ಟೇಜ್ ಕಣಕ್ಕೆ ಕೊಡುವ ಶಕ್ತಿ ಒಂದು ಫೋಟಾನಿನ ಶಕ್ತಿಗೆ ಸಮನಾದ ಕಡೆ ನಾಯ್ಸ್ ವಕ್ರದಲ್ಲಿ ಗುರುತು ಮೂಡುತ್ತದೆ. ಇಲ್ಲಿ ಓದಬೇಕಾದದ್ದು ನಾಯ್ಸಿನ ಪ್ರಮಾಣವನ್ನಲ್ಲ, ಗುರುತು ಬೀಳುವ ವೋಲ್ಟೇಜನ್ನು. 10 ಗಿಗಾಹರ್ಟ್ಸ್ ಆವರ್ತನಕ್ಕೆ ಇಡೀ ಎಲೆಕ್ಟ್ರಾನ್ ಆದರೆ 41 ಮೈಕ್ರೋವೋಲ್ಟ್ ಬಳಿ, ಮೂರನೇ ಒಂದು ಭಾಗದ ಆವೇಶವಾದರೆ 124 ಮೈಕ್ರೋವೋಲ್ಟ್ ಬಳಿ ಗುರುತು ಬೀಳಬೇಕು. ಸಾಕ್ಲೇಯ ಗುಂಪು 2019ರಲ್ಲಿ ಈ ಬಗೆಯಿಂದ ಮೂರನೇ ಒಂದು ಮತ್ತು ಐದನೇ ಒಂದು ಭಾಗದ ಆವೇಶಗಳನ್ನು ದೃಢಪಡಿಸಿತು. ಆಂಪ್ಲಿಫೈಯರ್‌ನ ಗುಣಕವನ್ನು ಸ್ವಲ್ಪ ತಪ್ಪಾಗಿ ಅಂದಾಜು ಮಾಡಿದ್ದರೂ ಗುರುತಿನ ಜಾಗ ಬದಲಾಗುವುದಿಲ್ಲ.

ಆದರೆ ಮಂದಾರ ಅವರ ಪ್ರಶ್ನೆ 5/2ರದ್ದು, ಅಲ್ಲಿ ಆವೇಶವನ್ನು ಎಷ್ಟು ಶುದ್ಧವಾಗಿ ಅಳೆದರೂ ಅದು ಮೂರು ವಿವರಣೆಗಳಿಗೂ ಕಾಲು ಭಾಗವೇ. ಅವು ಬೇರೆಯಾಗುವುದು ಅಂಚಿನಲ್ಲಿ ಉಷ್ಣ ಹೇಗೆ ಹರಿಯುತ್ತದೆ ಎಂಬಲ್ಲಿ. ಅಂಚಿನ ಪ್ರತಿ ಸಾಧಾರಣ ವಾಹಿನಿಯೂ (ಅಂಚಿನುದ್ದಕ್ಕೂ ಹರಿವು ಸಾಗುವ ಒಂದೊಂದು ದಾರಿಯೂ), ಅದು ಆವೇಶವನ್ನು ಎಷ್ಟೇ ಹೊರಲಿ ಅಥವಾ ಹೊರದೇ ಇರಲಿ, ಉಷ್ಣ ವಾಹಕತೆಯ ಒಂದು ಕ್ವಾಂಟಂ (ಒಂದು ನಿಶ್ಚಿತ ಮೂಲಮಾನ) ಅನ್ನು ಕೊಡುತ್ತದೆ. ಮಯೋರಾನಾ ವಾಹಿನಿಯೊಂದು (ತನಗೆ ತಾನೇ ಪ್ರತಿಕಣವಾದ, ಆವೇಶವಿಲ್ಲದ ಕಣದ ದಾರಿ) ಅರ್ಧ ಕ್ವಾಂಟಂ ಕೊಡುತ್ತದೆ. ಪ್ರವಾಹದ ದಿಕ್ಕಿನಲ್ಲಿ ಹೋಗುವವನ್ನು ಕೂಡಿಸಿ ಎದುರು ಹೋಗುವವನ್ನು ಕಳೆದರೆ ಫಾಫಿಯನ್‌ಗೆ 3.5, ಪಿಎಚ್-ಫಾಫಿಯನ್‌ಗೆ 2.5, ಆಂಟಿ-ಫಾಫಿಯನ್‌ಗೆ 1.5 ಬರುತ್ತದೆ. ಪೂರ್ಣಾಂಕವಲ್ಲದ ಈ ಅರ್ಧವೇ ನಾನ್-ಅಬೀಲಿಯನ್ ಸ್ಥಿತಿಯ (ಕ್ವಾಸಿಕಣಗಳನ್ನು ಅದಲುಬದಲು ಮಾಡುವ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುವ ಸ್ಥಿತಿಯ) ಹೆಗ್ಗುರುತು. ಹಾಲ್ ರೋಧ ಮುಚ್ಚಿಡುವುದನ್ನು ಉಷ್ಣ ಹೊರಗೆ ಹೇಳುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ.

ಮಂದಾರ:

ಗಣಿತಪ್ರಿಯೆ ಮೇಡಂ, ಇದು ಸ್ಪಷ್ಟವಾಯಿತು. ಆದರೆ ಉಷ್ಣದ ಹರಿವಿಗೂ ನಾಯ್ಸಿಗೂ ಏನು ಸಂಬಂಧ? ಇಷ್ಟು ಸಣ್ಣ ಮಾದರಿಯಲ್ಲಿ ಉಷ್ಣಮಾಪಕವನ್ನು ಎಲ್ಲಿ ಇಡುತ್ತಾರೆ?

ಶೀತಕೋಶ:

ಇಡುವುದೇ ಇಲ್ಲ. ವಾಹಕವೊಂದರ ಥರ್ಮಲ್ ನಾಯ್ಸ್ ಅದರ ತಾಪಕ್ಕೆ ಅನುಪಾತದಲ್ಲಿರುತ್ತದೆ ಎಂದು ಜಾನ್ಸನ್ ಅಳೆದು, ನೈಕ್ವಿಸ್ಟ್ ಸಿದ್ಧಾಂತ ಕೊಟ್ಟು 1928ರಲ್ಲಿ ತೋರಿಸಿದ್ದಾರೆ. ಮಾದರಿಯ ನಡುವೆ ಕೆಲವು ಮೈಕ್ರಾನ್ ಅಳತೆಯ ಒಂದು ಲೋಹದ ದ್ವೀಪವನ್ನು ಮಾಡಿ, ಅದನ್ನು ಹೊರಗಿನ ಯಾವ ತಂತಿಗೂ ಜೋಡಿಸದೆ ಬಿಡುತ್ತಾರೆ. ಅದಕ್ಕೆ ಸಂಪರ್ಕವಿರುವುದು ಅಂಚಿನ ವಾಹಿನಿಗಳ ಮೂಲಕ ಮಾತ್ರ. ಪ್ರವಾಹ ಹರಿಸಿದಾಗ ದ್ವೀಪದಲ್ಲಿ ಎಷ್ಟು ಶಕ್ತಿ ಉಷ್ಣವಾಗುತ್ತದೆ ಎಂಬುದನ್ನು ಪ್ರವಾಹ ಮತ್ತು ವೋಲ್ಟೇಜುಗಳಿಂದಲೇ ಲೆಕ್ಕ ಹಾಕಬಹುದು. ದ್ವೀಪ ಬಿಸಿಯಾಗುತ್ತದೆ, ಅಂಚಿನ ವಾಹಿನಿಗಳು ಆ ಉಷ್ಣವನ್ನು ಹೊರಗೆ ಒಯ್ಯುತ್ತವೆ, ಒಂದು ಹಂತದಲ್ಲಿ ತಾಪ ನಿಲ್ಲುತ್ತದೆ. ಬಿಸಿ ದ್ವೀಪದಿಂದ ಹೊರಟ ವಾಹಿನಿ ದೂರದ ಆಂಪ್ಲಿಫೈಯರ್ ತಲುಪಿದಾಗ ಅದರ ನಾಯ್ಸ್ ದ್ವೀಪದ ತಾಪವನ್ನು ತಿಳಿಸುತ್ತದೆ. ತಾಪದ ವರ್ಗದ ಎದುರು ಕೊಟ್ಟ ಶಕ್ತಿಯನ್ನು ಗುರುತಿಸಿದರೆ ಸರಳರೇಖೆ ಬರುತ್ತದೆ, ಅದರ ಇಳಿಜಾರೇ ಉಷ್ಣ ಕ್ವಾಂಟಂಗಳ ಎಣಿಕೆ.

10 ಮಿಲಿಕೆಲ್ವಿನ್‌ನಲ್ಲಿ ಒಂದು ಕ್ವಾಂಟಂ ಎಂದರೆ ಕೆಲ್ವಿನ್ ಒಂದಕ್ಕೆ ಸುಮಾರು 9.5 ಫೆಮ್ಟೋವ್ಯಾಟ್. ಹೀಗಿರುವಾಗ ದ್ವೀಪದಿಂದ ಸ್ಫಟಿಕದ ಕಂಪನಗಳ ಮೂಲಕ ಸೋರುವ ಉಷ್ಣವೂ ಲೆಕ್ಕ ಕೆಡಿಸಬಲ್ಲದು. ಅದಕ್ಕಾಗಿ ತೆರೆದ ವಾಹಿನಿಗಳ ಸಂಖ್ಯೆಯನ್ನು ಗೇಟುಗಳಿಂದ ಒಂದೊಂದಾಗಿ ಬದಲಿಸಿ, ಎರಡು ಅಳತೆಗಳ ವ್ಯತ್ಯಾಸ ತೆಗೆದು, ಎರಡಕ್ಕೂ ಸಮಾನವಾದ ಸೋರಿಕೆಯನ್ನು ಕಳೆಯುತ್ತಾರೆ. 2013ರಲ್ಲಿ ಫ್ರಾನ್ಸಿನ ಗುಂಪೊಂದು ಒಂದೇ ವಾಹಿನಿಯ ಉಷ್ಣ ಕ್ವಾಂಟಂ ಅನ್ನು ಹೀಗೆಯೇ ಅಳೆಯಿತು. ವೈಜ್‌ಮನ್ ಸಂಸ್ಥೆಯ ಹೈಬ್ಲಮ್ ಅವರ ಗುಂಪು 2017ರಲ್ಲಿ ಭಿನ್ನಾಂಶದ ಸ್ಥಿತಿಗಳಿಗೂ, 2018ರಲ್ಲಿ 5/2ಕ್ಕೂ ಅದನ್ನು ವಿಸ್ತರಿಸಿತು. ಸಿಕ್ಕ ಸಂಖ್ಯೆ 2.5ರ ಹತ್ತಿರ ಇತ್ತು.

ಸಂದೇಹಿ:

ಆ ಸಂಖ್ಯೆಯಿಂದ ಪಿಎಚ್-ಫಾಫಿಯನ್ ಎಂದು ನೇರವಾಗಿ ತೀರ್ಮಾನಿಸಲಾಗದು. ಕಂಪ್ಯೂಟರಿನಲ್ಲಿ ಮಾಡಿದ ಸಂಖ್ಯಾತ್ಮಕ ಲೆಕ್ಕಾಚಾರಗಳು ಬಹುಪಾಲು ಫಾಫಿಯನ್ ಅಥವಾ ಆಂಟಿ-ಫಾಫಿಯನ್ ಕಡೆಗೇ ವಾಲಿವೆ. ಗಣಿತಪ್ರಿಯೆ ಅವರು ಹೇಳಿದ ಕಳೆಯುವ ಲೆಕ್ಕ ನಡೆಯುವುದು, ಎದುರುಬದುರು ಹೋಗುವ ವಾಹಿನಿಗಳು ದಾರಿಯಲ್ಲಿ ಪರಸ್ಪರ ಉಷ್ಣ ಹಂಚಿಕೊಂಡು ಸಮತೋಲಕ್ಕೆ ಬಂದಾಗ ಮಾತ್ರ. ಬಾರದಿದ್ದರೆ ಎರಡೂ ದಿಕ್ಕಿನ ವಾಹಿನಿಗಳು ಬಿಸಿ ದ್ವೀಪದಿಂದ ಉಷ್ಣವನ್ನು ಬೇರೆ ಬೇರೆಯಾಗಿ ಒಯ್ಯುತ್ತವೆ, ಆಗ ಕಳೆಯುವ ಬದಲು ಕೂಡಿಸಬೇಕಾಗುತ್ತದೆ. ಆಂಟಿ-ಫಾಫಿಯನ್ ಅಂಚಿನಲ್ಲಿ ಮೂರು ಸಾಧಾರಣ ವಾಹಿನಿಗಳು ಮುಂದಕ್ಕೆ, ಒಂದು ಸಾಧಾರಣ ವಾಹಿನಿ ಮತ್ತು ಒಂದು ಮಯೋರಾನಾ ಹಿಂದಕ್ಕೆ ಹೋಗುತ್ತವೆ. ಎಲ್ಲವೂ ಸಮತೋಲಕ್ಕೆ ಬಂದರೆ 1.5. ಮಯೋರಾನಾ ಒಂದು ಮಾತ್ರ ಉಳಿದವುಗಳೊಡನೆ ಉಷ್ಣ ಹಂಚಿಕೊಳ್ಳದೆ ಹೋದರೆ ಮೂರರಲ್ಲಿ ಒಂದು ಕಳೆದು ಅರ್ಧ ಕೂಡಿಸಬೇಕು, 2.5 ಆಯಿತು! ಈ ಸಾಧ್ಯತೆಯನ್ನು ಸ್ಟೀವನ್ ಸೈಮನ್ 2018ರಲ್ಲೇ ಮುಂದಿಟ್ಟರು. ಒಂದೇ ಸಂಖ್ಯೆಗೆ ಎರಡು ಕಥೆ ಹೊಂದುವಾಗ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ತೀರ್ಪು ಆಗದು.

ಗಣಿತಪ್ರಿಯೆ:

ಮಂದಾರ ಅವರು ಕೇಳಿದ ಮೂರನೆಯ ಬಗೆಯ ನಾಯ್ಸ್ ಬರುವುದು ಇಲ್ಲಿಯೇ. ನನ್ನ ದೃಷ್ಟಿಯಲ್ಲಿ 5/2ರ ಮಟ್ಟಿಗೆ ಮೂರರಲ್ಲಿ ಹೆಚ್ಚು ತೂಕದ ಸಾಕ್ಷ್ಯ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಂಚಿನಲ್ಲಿ ಆವೇಶ ಮುಂದಕ್ಕೆ ಮಾತ್ರ ಹೋಗುತ್ತಿದ್ದರೂ, ಆವೇಶವಿಲ್ಲದ ವಾಹಿನಿಯೊಂದು ಉಷ್ಣವನ್ನು ಹಿಂದಕ್ಕೆ ಒಯ್ಯಬಹುದು. ಆವೇಶವಿಲ್ಲದ್ದರಿಂದ ಪ್ರವಾಹ ಅಳೆಯುವ ಉಪಕರಣಕ್ಕೆ ಅದು ಕಾಣುವುದೇ ಇಲ್ಲ. 2/3ರ ಅಂಚಿನಲ್ಲಿ ಇಂಥ ವಾಹಿನಿ ಇರಬೇಕೆಂದು ಕೇನ್, ಫಿಶರ್ ಮತ್ತು ಪೋಲ್ಚಿನ್‌ಸ್ಕಿ 1994ರಲ್ಲಿ ಹೇಳಿದ್ದರು. 2010ರಲ್ಲಿ ಅದು ನಾಯ್ಸ್ ಮೂಲಕವೇ ಪತ್ತೆಯಾಯಿತು. ನಡೆಯುವುದು ಹೀಗೆ: ಪ್ರವಾಹ ಒಂದು ಸಂಪರ್ಕದಿಂದ ಹೊರಟು ಇನ್ನೊಂದನ್ನು ಸೇರುವಾಗ ವೋಲ್ಟೇಜ್ ಇಳಿಯುವ ಜಾಗದಲ್ಲಿ ಉಷ್ಣ ಹುಟ್ಟುತ್ತದೆ. ಹಿಂದಕ್ಕೆ ಹೋಗುವ ವಾಹಿನಿ ಆ ಉಷ್ಣವನ್ನು ಪ್ರವಾಹದ ಎದುರಾಗಿ ಒಯ್ದು ದೂರದ ಸಂಪರ್ಕದ ಬಳಿ ತರುತ್ತದೆ. ಅಲ್ಲಿ ಬಿಸಿಯಾದ ಅಂಚಿನಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರಗಳ ಜೋಡಿಗಳು ಹುಟ್ಟಿ, ಜೋಡಿಯ ಒಂದು ಭಾಗ ಸಂಪರ್ಕದೊಳಗೆ ಹೋಗಿ ಇನ್ನೊಂದು ಹೊರಗೆ ಹರಿದರೆ, ಸರಾಸರಿ ಪ್ರವಾಹ ಸೊನ್ನೆಯಾಗಿದ್ದರೂ ಏರಿಳಿತ ಉಳಿಯುತ್ತದೆ. ಪ್ರವಾಹವೇ ತಲುಪದ ಸಂಪರ್ಕದಲ್ಲಿ ನಾಯ್ಸ್ ಕಂಡಿತೆಂದರೆ ಉಷ್ಣ ಎದುರು ದಿಕ್ಕಿನಲ್ಲಿ ಬಂದಿದೆ ಎಂದರ್ಥ. ಇಲ್ಲಿ ಸಂಖ್ಯೆಯ ನಿಖರತೆಗಿಂತ ಇದೆಯೋ ಇಲ್ಲವೋ ಎಂಬುದೇ ಮುಖ್ಯವಾದ್ದರಿಂದ, ಆಂಪ್ಲಿಫೈಯರ್‌ನ ಅಂದಾಜು ಸ್ವಲ್ಪ ಹೆಚ್ಚುಕಡಿಮೆಯಾದರೂ ಉತ್ತರ ಕೆಡುವುದಿಲ್ಲ.

5/2ರ ಹೊರ ಅಂಚಿನಲ್ಲಿ ಪೂರ್ಣಾಂಕದ ವಾಹಿನಿಗಳೂ ಸೇರಿಕೊಂಡಿರುವುದರಿಂದ ಚಿತ್ರ ಕಲಸಿಹೋಗುತ್ತದೆ. 2022ರಲ್ಲಿ ಹೈಬ್ಲಮ್ ಗುಂಪು 5/2ರ ಪಕ್ಕದಲ್ಲಿ ಬರಿಯ ಶೂನ್ಯವನ್ನು ಇಡದೆ, ಗೇಟುಗಳ ನೆರವಿನಿಂದ ಒಮ್ಮೆ 2ರ ಸ್ಥಿತಿಯನ್ನೂ ಒಮ್ಮೆ 3ರ ಸ್ಥಿತಿಯನ್ನೂ ಇಟ್ಟು, 5/2ಕ್ಕೂ ಆ ಪಕ್ಕದ ಸ್ಥಿತಿಗೂ ನಡುವಿನ ಗಡಿಯನ್ನು ಪರೀಕ್ಷಿಸಿತು. ಪೂರ್ಣಾಂಕದ ವಾಹಿನಿಗಳು ಗಡಿಯಲ್ಲಿ ಒಂದಕ್ಕೊಂದು ವಜಾ ಆಗಿ, ಅರ್ಧ ವಾಹಕತೆಯ ಒಂದು ಆವೇಶ ವಾಹಿನಿ ಮತ್ತು ಮಯೋರಾನಾಗಳು ಮಾತ್ರ ಉಳಿಯುತ್ತವೆ. ಈಗ ಲೆಕ್ಕ ಹಾಕಿ ನೋಡಿ. ಫಾಫಿಯನ್ ಆಗಿದ್ದರೆ 2ರ ಗಡಿಯಲ್ಲಿ ಮಯೋರಾನಾ ಆವೇಶದ ದಿಕ್ಕಿನಲ್ಲೇ ಹೋಗುತ್ತದೆ, ಎದುರು ನಾಯ್ಸ್ ಇಲ್ಲ. 3ರ ಗಡಿಯಲ್ಲಿ ಮೂರು ಮಯೋರಾನಾಗಳು ಎದುರು ಹೋಗುತ್ತವೆ, ನಾಯ್ಸ್ ಇದೆ. ಆಂಟಿ-ಫಾಫಿಯನ್ ಆಗಿದ್ದರೆ ಸರಿಯಾಗಿ ಇದರ ತಿರುಗುಮುರುಗು. ಪಿಎಚ್-ಫಾಫಿಯನ್ ಆಗಿದ್ದರೆ ಮಾತ್ರ ಎರಡೂ ಗಡಿಗಳಲ್ಲಿ ಒಂದೊಂದು ಮಯೋರಾನಾ ಎದುರು ಹೋಗಿ ಎರಡರಲ್ಲೂ ನಾಯ್ಸ್ ಕಾಣಬೇಕು. ಪ್ರಯೋಗದಲ್ಲಿ ನಾಯ್ಸ್ ಎರಡೂ ಗಡಿಗಳಲ್ಲಿ ಕಂಡಿತು. ಸಂದೇಹಿ ಅವರು ಹೇಳಿದ ಸಮತೋಲ ತಪ್ಪಿದ ಆಂಟಿ-ಫಾಫಿಯನ್ 3ರ ಗಡಿಯ ನಾಯ್ಸನ್ನು ವಿವರಿಸಲಾರದು, ಏಕೆಂದರೆ ಅಲ್ಲಿ ಎದುರು ಹೋಗುವ ವಾಹಿನಿಯೇ ಇಲ್ಲ.

ಸಂದೇಹಿ:

ತರ್ಕ ಬಹಳ ಗಟ್ಟಿಯಾಗಿದೆ, ಒಪ್ಪುತ್ತೇನೆ. ಉಳಿಯುವುದು ಒಂದೇ ಚಿಂತೆ. ಎದುರು ಹೋಗುವ ವಾಹಿನಿ ಸ್ಥಿತಿಯ ಸ್ವಭಾವದಿಂದಲೇ ಬಂದದ್ದೋ, ಅಥವಾ ಅಂಚಿನ ಇಳಿಜಾರು ನಿಧಾನವಾಗಿರುವಾಗ ಎಲೆಕ್ಟ್ರಾನುಗಳು ಮರುಜೋಡಣೆಯಾಗಿ ಹೆಚ್ಚುವರಿಯಾಗಿ ಹುಟ್ಟಿದ್ದೋ? ಗ್ಯಾಲಿಯಂ ಆರ್ಸೆನೈಡ್ ಮಾದರಿಗಳಲ್ಲಿ, ಸಿದ್ಧಾಂತದ ಪ್ರಕಾರ ಎದುರು ವಾಹಿನಿ ಇರಲೇಬಾರದ 1/3ರಂಥ ಸ್ಥಿತಿಗಳಲ್ಲೂ ಅದು ಕಂಡಿತೆಂದು 2014ರಲ್ಲಿ ವರದಿಯಾಗಿತ್ತು. ಹಾಗಾದರೆ ಗಡಿಯಲ್ಲೂ ಅಂಥದ್ದೇ ಹುಟ್ಟಿರಬಾರದೇಕೆ?

ಶೀತಕೋಶ:

ಈ ಚಿಂತೆ ಪ್ರತಿ ಪ್ರಯೋಗದಲ್ಲೂ ಇರಬೇಕಾದದ್ದೇ. ಇದಕ್ಕೆ ಉಪಯುಕ್ತವಾದ ಹೋಲಿಕೆ ಗ್ರಾಫೀನಿನಿಂದ ಬಂದಿದೆ. ಅಲ್ಲಿ ಗ್ರಾಫೈಟ್ ಗೇಟುಗಳು ಎಲೆಕ್ಟ್ರಾನುಗಳಿಗೆ ತೀರಾ ಹತ್ತಿರದಲ್ಲಿರುವುದರಿಂದ ಅಂಚು ಕಡಿದಾಗಿರುತ್ತದೆ, ಮರುಜೋಡಣೆಗೆ ಆಸ್ಪದ ಕಡಿಮೆ. 2022ರಲ್ಲಿ ಪ್ರಕಟವಾದ ದ್ವಿಪದರ ಗ್ರಾಫೀನಿನ ಪ್ರಯೋಗದಲ್ಲಿ, ಪ್ರವಾಹಕ್ಕೆ ಎದುರಾಗಿ 4 ಮತ್ತು 10 ಮೈಕ್ರಾನ್ ದೂರದ ಸಂಪರ್ಕಗಳಲ್ಲಿ ನಾಯ್ಸ್ ಅಳೆದರು. ಪೂರ್ಣಾಂಕದ ಸ್ಥಿತಿಗಳಲ್ಲಿ ಮತ್ತು ಎದುರು ವಾಹಿನಿ ಇರಬಾರದ ಭಿನ್ನಾಂಶದ ಸ್ಥಿತಿಗಳಲ್ಲಿ ನಾಯ್ಸ್ ಇರಲಿಲ್ಲ. ಇರಬೇಕಾದ ಸ್ಥಿತಿಗಳಲ್ಲಿ ಗಟ್ಟಿಯಾಗಿ ಇತ್ತು, ದೂರ ಹೆಚ್ಚಿದರೂ ಕುಗ್ಗಲಿಲ್ಲ. ಇರಬಾರದ ಕಡೆ ಇಲ್ಲ ಎಂದು ಮೊದಲು ತೋರಿಸಿ, ಆಮೇಲೆ ಇರಬೇಕಾದ ಕಡೆ ಇದೆ ಎಂದು ತೋರಿಸುವ ಈ ಕ್ರಮವನ್ನು ಎಲ್ಲ ನಾಯ್ಸ್ ಪ್ರಯೋಗಗಳೂ ಅನುಸರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಂದಾರ:

ದೂರದ ಮಾತು ಬಂದದ್ದರಿಂದ ಕೇಳುತ್ತೇನೆ. ಗಡಿಯ ಉದ್ದವನ್ನೇ ಬದಲಿಸುತ್ತ ಹೋದರೆ ನಾಯ್ಸ್ ಏನಾಗಬೇಕು? ಅದರಿಂದಲೂ ಈ ಮೂರನ್ನು ಬೇರ್ಪಡಿಸಬಹುದೇ?

ಗಣಿತಪ್ರಿಯೆ:

ಬೇರ್ಪಡಿಸಬಹುದು, ಮಂದಾರ ಅವರೇ. ಸ್ಪಾನ್‌ಸ್ಲೆಟ್, ಪಾರ್ಕ್, ಗೆಫೆನ್ ಮತ್ತು ಮಿರ್ಲಿನ್ 2019ರಲ್ಲಿ ಕೊಟ್ಟ ವರ್ಗೀಕರಣ ಇದನ್ನೇ ಹೇಳುತ್ತದೆ. ಅಂಚು ಸಮತೋಲಕ್ಕೆ ಬರುವಷ್ಟು ಉದ್ದವಾಗಿರುವಾಗ, ಉಷ್ಣದ ನಿವ್ವಳ ಹರಿವು ಆವೇಶದ ದಿಕ್ಕಿನಲ್ಲೇ ಇದ್ದರೆ ನಾಯ್ಸ್ ಉದ್ದದೊಂದಿಗೆ ಘಾತೀಯವಾಗಿ ಅಳಿಯುತ್ತದೆ. ನಿವ್ವಳ ಹರಿವು ಸೊನ್ನೆಯಾದರೆ ಉದ್ದದ ವರ್ಗಮೂಲಕ್ಕೆ ವಿಲೋಮವಾಗಿ ನಿಧಾನವಾಗಿ ಇಳಿಯುತ್ತದೆ. ನಿವ್ವಳ ಹರಿವು ಎದುರು ದಿಕ್ಕಿನಲ್ಲಿದ್ದರೆ ಎಷ್ಟು ಉದ್ದವಾದರೂ ಉಳಿಯುತ್ತದೆ.

ಇದನ್ನು ಗಡಿಗಳಿಗೆ ಅನ್ವಯಿಸಿ. ಆಂಟಿ-ಫಾಫಿಯನ್ ಮತ್ತು 2ರ ಗಡಿಯಲ್ಲಿ ಆವೇಶ ವಾಹಿನಿ ಒಂದು ಕ್ವಾಂಟಂ ಉಷ್ಣವನ್ನು ಮುಂದಕ್ಕೂ, ಮೂರು ಮಯೋರಾನಾಗಳು ಒಂದೂವರೆಯನ್ನು ಹಿಂದಕ್ಕೂ ಒಯ್ಯುತ್ತವೆ. ನಿವ್ವಳ ಅರ್ಧ ಕ್ವಾಂಟಂ ಹಿಂದಕ್ಕೆ, ಆದ್ದರಿಂದ ಗಡಿ ಉದ್ದವಾದರೂ ನಾಯ್ಸ್ ನಿಲ್ಲಬೇಕು. ಫಾಫಿಯನ್ ಮತ್ತು 3ರ ಗಡಿಗೂ ಇದೇ ಮಾತು. ಪಿಎಚ್-ಫಾಫಿಯನ್‌ನಲ್ಲಾದರೋ ಎರಡೂ ಗಡಿಗಳಲ್ಲಿ ಒಂದು ಕ್ವಾಂಟಂ ಮುಂದಕ್ಕೆ, ಅರ್ಧ ಹಿಂದಕ್ಕೆ. ನಿವ್ವಳ ಅರ್ಧ ಮುಂದಕ್ಕೆ. ಗಿಡ್ಡ ಗಡಿಯಲ್ಲಿ ಕಂಡ ನಾಯ್ಸ್ ಗಡಿ ಉದ್ದವಾದಂತೆ ಎರಡು ಕಡೆಯೂ ಸತ್ತುಹೋಗಬೇಕು. ಸಂದೇಹಿ ಅವರು ಹೇಳಿದ ಮರುಜೋಡಣೆಯಿಂದ ಹುಟ್ಟುವ ವಾಹಿನಿಗಳು ಎರಡು ದಿಕ್ಕಿಗೂ ಸಮನಾಗಿ, ಜೋಡಿಯಾಗಿಯೇ ಬರುತ್ತವೆ. ಅವು ನಿವ್ವಳ ಹರಿವನ್ನು ಬದಲಿಸಲಾರವು. ಆದ್ದರಿಂದ ಒಂದೇ ಮಾದರಿಯಲ್ಲಿ ಎರಡೂ ಗಡಿಗಳನ್ನು ಬೇರೆ ಬೇರೆ ಉದ್ದಗಳಲ್ಲಿ ಅಳೆದು, ನಾಯ್ಸ್ ಎಲ್ಲಿ ಅಳಿಯುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದನ್ನು ನೋಡಿದರೆ, ಗಿಡ್ಡ ಗಡಿಯ ಫಲಿತಾಂಶದ ಮೇಲಿರುವ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ.

ಶೀತಕೋಶ:

ಅಳೆಯುವ ಕಡೆಯಿಂದ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅತ್ಯುತ್ತಮ ಮಾದರಿಗಳಲ್ಲೂ 5/2ರ ಶಕ್ತಿ ಅಂತರ (ಸ್ಥಿತಿಯನ್ನು ಕದಡಲು ಬೇಕಾದ ಕನಿಷ್ಠ ಶಕ್ತಿ) ತಾಪದ ಲೆಕ್ಕದಲ್ಲಿ ಅರ್ಧ ಕೆಲ್ವಿನ್ ಆಸುಪಾಸಿನದು. ಉದ್ದದ ಗಡಿಯಲ್ಲಿ ನಾಯ್ಸ್ ಕುಗ್ಗಿತೆಂದು ಪ್ರವಾಹ ಹೆಚ್ಚಿಸಿದರೆ ಗಡಿಯ ಜೊತೆಗೆ ಒಳಭಾಗವೂ ಬಿಸಿಯಾಗಿ, ಉಷ್ಣ ಅಂಚನ್ನು ಬಿಟ್ಟು ಒಳಗಿಂದ ಸಾಗಲು ಶುರುವಾಗುತ್ತದೆ. ಆಗ ನಾಯ್ಸ್ ಅಳಿಯದೆ ಉಳಿದರೂ ಅದು ಎದುರು ವಾಹಿನಿಯ ಸಾಕ್ಷ್ಯವಲ್ಲ. ಪ್ರವಾಹವನ್ನು ಕಡಿಮೆ ಇಟ್ಟು ಸರಾಸರಿಯ ಅವಧಿಯನ್ನು ಹೆಚ್ಚಿಸುವುದೊಂದೇ ದಾರಿ. ಸಂಕೇತ ಅರ್ಧಕ್ಕಿಳಿದರೆ ಅಷ್ಟೇ ಸ್ಪಷ್ಟತೆಗೆ ನಾಲ್ಕು ಪಟ್ಟು ಸಮಯ ಬೇಕಾಗುತ್ತದೆ, ಆ ಸಮಯದುದ್ದಕ್ಕೂ ಆಂಪ್ಲಿಫೈಯರ್‌ನ ಗುಣಕ ಅಲುಗಾಡದಂತೆ ನೋಡಿಕೊಳ್ಳಬೇಕು.